ಎರಡನೇ ಸಲದ ಭಯ

ರಾಗಿ ತೆನೆ ಬಲಿಯುವ ಕಾಲಕ್ಕೆ ಉದ್ದನಪಲ್ಲಿ ಸುತ್ತಿನ ಊರುಗಳಲ್ಲಿ ಕತ್ತಲಾಯಿತೆಂದರೆ ಆನೆಯದೇ ಮಾತು. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಾನಮಾವು ಕಾಡಿದೆ. ಬನ್ನೇರುಘಟ್ಟ, ಜವಳಗಿರಿ, ಡೆಂಕಣಿಕೋಟೆ ಕಾಡುಗಳನ್ನು ಹಾದು ಬರುವ ಹಿಂಡುಗಳು ಹಗಲೆಲ್ಲ ಅಲ್ಲಿದ್ದು ಇರುಳಿಗೆ ಹೊಲಕ್ಕಿಳಿಯುತ್ತವೆ. ಟಾರ್ಚು, ಪಟಾಕಿ ಹಿಡಿದು ಕಾವಲು ಕೂತವನಿಗೆ ಆನೆ ಯಾವ ಬದುವಿನ ಕಡೆಯಿಂದ ಬಂದೀತೆಂದು ಗೊತ್ತಿರುವುದಿಲ್ಲ. ನಿನ್ನೆಯ ದಾರಿಯಲ್ಲೇ ಇವತ್ತೂ ಬರುತ್ತದೆಂಬ ಖಾತ್ರಿ ಇಲ್ಲ. ಬೆಳಕು ಬಿಟ್ಟರೆ ಹಿಂದೆ ಸರಿಯಬಹುದು, ಬೆಳಕಿನ ಮೇಲೇ ಏರಿ ಬರಬಹುದು. ಆ ಗಳಿಗೆಯಲ್ಲಿ ಏನು ತೀರ್ಮಾನ ಮಾಡಿದನೋ ಅದೇ ಕೊನೆ. ತಿದ್ದಿಕೊಳ್ಳಲು ಇನ್ನೊಂದು ಸರದಿ ಸಿಗುವುದಿಲ್ಲ. ಈ ಸೀಮೆಯಲ್ಲಿ ಹಾಗೆ ಜೀವ ಕಳೆದುಕೊಂಡವರಿದ್ದಾರೆ.

ಇದೇ ಊರುಗಳ ಹುಡುಗರು ಮೊಬೈಲಿನಲ್ಲಿ 'ಗ್ರ್ಯಾನಿ' ಆಡುತ್ತಾರೆ. ಡಿವಿಲೋಪರ್ ಎಂಬ ಹೆಸರಿನಲ್ಲಿ 2017ರಲ್ಲಿ ಬಂದ ಪುಕ್ಕಟೆ ಆಟ ಅದು. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಸಾಧಾರಣ ಫೋನಿನಲ್ಲೂ ಓಡುತ್ತದೆ. ಬೀಗ ಹಾಕಿದ ಒಂದು ಮನೆ, ಅದರೊಳಗೆ ಒಬ್ಬ ಮುದುಕಿ. ಕೈಜಾರಿ ಒಂದು ವಸ್ತು ಬಿದ್ದರೂ ಅವಳಿಗೆ ಕೇಳಿಸುತ್ತದೆ, ಹಲಗೆ ಕಿರುಗುಟ್ಟಿದರೂ ಕೇಳಿಸುತ್ತದೆ. ಆಟಗಾರನಿಗೆ ಸಿಗುವುದು ಐದು ದಿನ. ಅಷ್ಟರೊಳಗೆ ಬೀಗದ ಕೈ, ಸುತ್ತಿಗೆ, ಕಟಿಂಗ್ ಪ್ಲಯರ್ ಎಲ್ಲ ಹುಡುಕಿ ಮನೆಯಿಂದ ಹೊರಬೀಳಬೇಕು. ಸಿಕ್ಕಿಬಿದ್ದರೆ ಒಂದು ದಿನ ಹೋಯಿತು. ಐದೂ ಹೋದರೆ ಮತ್ತೆ ಮೊದಲಿನಿಂದ. ಆಗ ಬೀಗದ ಕೈ ಇದ್ದ ಜಾಗದಲ್ಲಿ ಬೇರೇನೋ ಇರುತ್ತದೆ.

ಹೊಲದ ಕಾವಲಿಗೂ ಈ ಆಟಕ್ಕೂ ನಡುವಿನ ಅಂತರವೇ ನನ್ನ ಪ್ರಶ್ನೆ ಹುಟ್ಟುವ ಜಾಗ. ಭಯ ಹುಟ್ಟುವುದು ಮುಂದೇನೆಂದು ತಿಳಿಯದಿದ್ದಾಗ. ಮತ್ತೆ ಆಡುವುದೆಂದರೆ ಮುಂದೇನೆಂದು ತಿಳಿದೂ ಒಳಗೆ ಹೋಗುವುದು. ಎರಡಕ್ಕೂ ಕೂಡಿಬರುವುದಿಲ್ಲ. ಹಾಗಿದ್ದೂ ಒಬ್ಬರೇ ಕೂತು ಆಡುವ ಭಯದ ಆಟಗಳಲ್ಲಿ ಕೆಲವನ್ನು ಜನ ವರ್ಷಗಟ್ಟಲೆ ಮತ್ತೆ ಮತ್ತೆ ಆಡುತ್ತಾರೆ, ಕೆಲವನ್ನು ಒಮ್ಮೆ ಮುಗಿಸಿ ಮರೆತುಬಿಡುತ್ತಾರೆ. ಎಷ್ಟು ಬಗೆಯ ಅಂತ್ಯಗಳಿವೆ, ಎಷ್ಟು ಕಡೆ ಆಯ್ಕೆ ಕೊಟ್ಟಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ ಎಂದು ಆಟ ಮಾರುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆಯ್ಕೆಯನ್ನು ಪಟ್ಟಿ ಮಾಡಿ ಮುಂದಿಟ್ಟ ಕೂಡಲೇ ಭಯ ಕಡಿಮೆಯಾಗಿ ಲೆಕ್ಕಾಚಾರ ಶುರುವಾಗುತ್ತದೆ. ಆಟಗಾರನಿಗೆ ಗೊತ್ತಾಗದ ಹಾಗೆ ಅವನ ನಡತೆಯಿಂದಲೇ ಆಯ್ಕೆಯನ್ನು ಓದಿಕೊಳ್ಳುವ ಆಟಕ್ಕೆ ಮಾತ್ರ ಎರಡನೇ ಸಲವೂ ಹೆದರಿಸುವ ಶಕ್ತಿ ಇರುತ್ತದೆ.

ದುಡ್ಡಿನ ಮಾತನ್ನು ಮೊದಲು ಹೇಳಿಬಿಡಬೇಕು, ಅದು ಸಣ್ಣ ಮಾತಲ್ಲ. ಹೊಸದಾಗಿ ಬಂದ ದೊಡ್ಡ ಆಟವೊಂದಕ್ಕೆ ನಮ್ಮಲ್ಲಿ 4,000ದಿಂದ 5,000 ರೂಪಾಯಿ ಬೀಳುತ್ತದೆ, ಕನ್ಸೋಲಿನ ಬೆಲೆ ಬೇರೆ. ಟೊಮೆಟೊ ಬೆಲೆ ಬಿದ್ದ ವರ್ಷ ಇಲ್ಲಿನ ರೈತನ ಮಗ ಅಷ್ಟು ಕೊಟ್ಟು ಕೊಂಡರೆ, ಎಂಟು ಗಂಟೆಯಲ್ಲಿ ಮುಗಿದುಹೋಗುವ ಆಟ ಅವನಿಗೆ ನಷ್ಟವೆಂದೇ ಕಾಣುತ್ತದೆ. ಮತ್ತೆ ಆಡುವಂತಿರಬೇಕು ಎಂಬ ಆಸೆ ಅಲ್ಲಿ ನ್ಯಾಯವಾದದ್ದು. ಪುಕ್ಕಟೆ ಮೊಬೈಲ್ ಆಟಗಳ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಹುಡುಗ ಮತ್ತೆ ಆಡಿದಷ್ಟೂ ಜಾಹೀರಾತು ಹೆಚ್ಚು ಓಡುತ್ತದೆ. ಸತ್ತು ಮರಳಿ ಹುಟ್ಟುವ ನಡುವಿನ ಗಳಿಗೆಯೇ ಜಾಹೀರಾತಿನ ಗಳಿಗೆ. ಮರು ಆಟದ ಲಾಭ ಒಂದು ಕಡೆ ಆಡುವವನಿಗೆ, ಇನ್ನೊಂದು ಕಡೆ ಮಾಡಿದವನಿಗೆ. ಒಂದು ಆಟ ನಮ್ಮನ್ನು ಮತ್ತೆ ಕರೆಯುತ್ತಿದೆ ಎಂದಾಗ ಯಾರ ಲಾಭಕ್ಕೆ ಕರೆಯುತ್ತಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ತಿಳಿದ ಭಯವನ್ನು ಮತ್ತೆ ತಿಳಿಯದಂತೆ ಮಾಡುವ ಸುಲಭದ ದಾರಿ ಎಂದರೆ ದೆವ್ವದ ಜಾಗವನ್ನೇ ಬದಲಿಸುವುದು. ಗ್ರ್ಯಾನಿಯಲ್ಲಿ ವಸ್ತುಗಳು ಜಾಗ ಬದಲಿಸುತ್ತವೆ. 2014ರ 'ಏಲಿಯನ್: ಐಸೊಲೇಷನ್' ಇದನ್ನು ಬಹಳ ದೂರ ಕೊಂಡೊಯ್ದಿತು. ಅದರಲ್ಲಿ ಆಟಗಾರನನ್ನು ಬೇಟೆಯಾಡುವ ಮೃಗವನ್ನು ನಡೆಸುವ ಬುದ್ಧಿ ಎರಡು ಪಾಲಾಗಿದೆ. ಮೇಲಿನದಕ್ಕೆ ಆಟಗಾರ ಎಲ್ಲಿದ್ದಾನೆಂದು ಸದಾ ಗೊತ್ತು. ಅದು ಮೃಗಕ್ಕೆ ಈ ಕಡೆ ಹುಡುಕು ಎಂಬಷ್ಟು ಸುಳಿವು ಮಾತ್ರ ಕೊಡುತ್ತದೆ. ಮೃಗ ಉಳಿದದ್ದನ್ನು ತನ್ನ ಕಣ್ಣು ಕಿವಿಯಿಂದಲೇ ಪತ್ತೆ ಮಾಡಬೇಕು. ಅದಕ್ಕೇ ಅದು ಎಲ್ಲಿಂದ ಇಳಿದೀತೆಂದು ಬಾಯಿಪಾಠ ಮಾಡಲು ಬರುವುದಿಲ್ಲ. 2023ರ 'ಅಮ್ನೀಸಿಯಾ: ದಿ ಬಂಕರ್' ಮೊದಲ ಮಹಾಯುದ್ಧದ ನೆಲಮಾಳಿಗೆಯೊಂದರಲ್ಲಿ ಇದೇ ಉಪಾಯ ಹೂಡಿದೆ: ಸಾಮಾನು ಸಿಗುವ ಜಾಗ, ಬೀಗದ ಅಂಕಿಗಳು ಪ್ರತಿ ಸುತ್ತಿಗೂ ಬೇರೆ, ಜನರೇಟರಿಗೆ ಎಣ್ಣೆ ಮುಗಿದರೆ ಕತ್ತಲು. ಹೊಲದ ಕಾವಲಿಗೆ ಹತ್ತಿರವಾಗುವ ಭಯ ಇದೇ. ಆನೆಯೂ ತನ್ನ ಬುದ್ಧಿಯಿಂದಲೇ ನಡೆಯುತ್ತದೆ, ನಾವು ಬರೆದಿಟ್ಟ ದಾರಿಯಲ್ಲಿ ಅಲ್ಲ.

ಇಷ್ಟಾದರೂ ಈ ಉಪಾಯಕ್ಕೆ ಒಂದು ಮಿತಿ ಇದೆ. ಕಾವಲುಗಾರನಿಗೆ ಅನುಭವ ಹೆಚ್ಚಿದಂತೆ ಹೆದರಿಕೆ ಕಡಿಮೆಯಾಗುವುದಿಲ್ಲ, ಏಕೆಂದರೆ ಬೆಲೆ ಪ್ರಾಣದ್ದು. ಆಟಗಾರನಿಗೆ ಸಾವು ಒಂದು ಪಾಠ ಮಾತ್ರ. ಮಂಚದಡಿ ಅಡಗಿದರೆ ಉಳಿಯುತ್ತೇನೆ, ಓಡಿದರೆ ಸಿಕ್ಕಿಬೀಳುತ್ತೇನೆ ಎಂದು ಕಲಿಯುತ್ತಾನೆ. ಹಲವು ಸಲ ಸತ್ತ ಮೇಲೆ ಮುದುಕಿ ಅವನಿಗೆ ದೆವ್ವವಾಗಿ ಉಳಿದಿರುವುದಿಲ್ಲ, ದಾಟಬೇಕಾದ ಅಡ್ಡಿಯಾಗಿರುತ್ತಾಳೆ. "ಅಜ್ಜಿ ಬಂದ್ಲು, ಬೀರು ಒಳಕ್ಕೆ ಹೋಗೋ" ಎಂದು ಪಕ್ಕದವನು ಹೇಳುವ ದನಿಯಲ್ಲಿ ನಡುಕ ಇರುವುದಿಲ್ಲ, ಚುರುಕು ಇರುತ್ತದೆ. ಚುರುಕೂ ಒಳ್ಳೆಯದೇ, ಅದರಲ್ಲೂ ಸಂತೋಷ ಇದೆ. ಆದರೆ ಅದು ಕಣ್ಣಾಮುಚ್ಚಾಲೆಯ ಸಂತೋಷ.

ಸಾವಿಗೆ ಬೆಲೆ ಇಲ್ಲದಿದ್ದರೆ ಭಯವೂ ಇಲ್ಲವೆಂಬುದನ್ನು ಹಳೆಯ ತಯಾರಕರು ಚೆನ್ನಾಗಿ ಬಲ್ಲವರಾಗಿದ್ದರು. 1996ರ ಮೊದಲ 'ರೆಸಿಡೆಂಟ್ ಈವಿಲ್'ನಲ್ಲಿ ಆಟವನ್ನು ಸೇವ್ ಮಾಡಬೇಕಾದರೆ ಟೈಪ್‌ರೈಟರ್ ಹುಡುಕಬೇಕು, ಅದಕ್ಕೆ ಇಂಕ್ ರಿಬ್ಬನ್ ಬೇಕು, ರಿಬ್ಬನ್ನುಗಳು ಎಣಿಸಿದಷ್ಟೇ. ಸತ್ತರೆ ಎಷ್ಟು ಹಿಂದಕ್ಕೆ ಹೋಗಬೇಕೆಂಬ ಚಿಂತೆಯೇ ಅಲ್ಲಿನ ಅರ್ಧ ಭಯ. ಏಲಿಯನ್ ಐಸೊಲೇಷನ್ನಿನಲ್ಲೂ ಗೋಡೆಯ ಯಂತ್ರಕ್ಕೆ ಕಾರ್ಡ್ ತೂರಿಸಿ ಕೆಲವು ಸೆಕೆಂಡ್ ಕಾಯಬೇಕು. ಕಾಯುವಾಗಲೇ ಹಿಂದಿನಿಂದ ಮೃಗ ಬರಬಹುದು. ಯಾವಾಗ ಬೇಕಾದರೂ ಸೇವ್ ಮಾಡಬಹುದಾದ ಆಟದಲ್ಲಿ ಆಯ್ಕೆಗೆ ತೂಕ ಇರುವುದಿಲ್ಲ. ತಪ್ಪಾಯಿತೆಂದರೆ ಎರಡು ನಿಮಿಷ ಹಿಂದೆ ಹೋಗಿ ಇನ್ನೊಂದನ್ನು ಆರಿಸಿಕೊಂಡರಾಯಿತು. 1998ರ 'ರೆಸಿಡೆಂಟ್ ಈವಿಲ್ 2' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲಿಯೋನ್, ಕ್ಲೇರ್ ಇಬ್ಬರಲ್ಲಿ ಒಬ್ಬರ ಕಥೆ ಆಡಿ ಮುಗಿಸಿದ ಮೇಲೆ ಇನ್ನೊಬ್ಬರ ಕಥೆ ತೆರೆದುಕೊಳ್ಳುತ್ತದೆ. ಪೊಲೀಸ್ ಠಾಣೆಯ ನೆಲಮಾಳಿಗೆಯಲ್ಲಿ ಒಂದು ಒಳ್ಳೆಯ ಬಂದೂಕು, ಹೆಚ್ಚು ಸಾಮಾನು ಹಿಡಿಯುವ ಒಂದು ಚೀಲ ಇರುತ್ತವೆ. ಮೊದಲ ಸುತ್ತಿನಲ್ಲಿ ನೀವು ಎರಡನ್ನೂ ಎತ್ತಿಕೊಂಡರೆ ಎರಡನೇ ಸುತ್ತಿನವರಿಗೆ ಏನೂ ಉಳಿಯುವುದಿಲ್ಲ. ಮತ್ತೆ ಆಡುವುದನ್ನೇ ಮೊದಲ ಆಟದ ಆಯ್ಕೆಗೆ ಉತ್ತರ ಕೊಡುವ ಜಾಗವಾಗಿ ಮಾಡಿದ ಈ ಯೋಚನೆಯನ್ನು ಮುಂದೆ ಬಂದವರು ಬೆಳೆಸಲಿಲ್ಲವಲ್ಲ ಎಂದು ನನಗೆ ಬೇಸರವಿದೆ.

ಬೆಳೆಸಿದ್ದು ಮೊದಲಿನಿಂದಲೂ ಇದ್ದ ಕವಲುಗಳನ್ನು. ಜಪಾನಿನ 'ಸ್ವೀಟ್ ಹೋಮ್' 1989ರಲ್ಲೇ ಐವರಲ್ಲಿ ಎಷ್ಟು ಜನ ಉಳಿದರೆಂಬುದರ ಮೇಲೆ ಅಂತ್ಯ ಬದಲಿಸುತ್ತಿತ್ತು. 1995ರ 'ಕ್ಲಾಕ್ ಟವರ್'ಗೆ ಒಂಬತ್ತು ಅಂತ್ಯಗಳು. 2015ರ 'ಅಂಟಿಲ್ ಡಾನ್' ಕವಲನ್ನೇ ಆಟದ ಜೀವಾಳ ಮಾಡಿಕೊಂಡಿತು. ಹಿಮದ ಬೆಟ್ಟದ ಮೇಲಿನ ಮನೆಯಲ್ಲಿ ಎಂಟು ಜನ. ಬೆಳಗಾಗುವಷ್ಟರಲ್ಲಿ ಎಂಟೂ ಜನ ಬದುಕಬಹುದು, ಎಂಟೂ ಜನ ಸಾಯಬಹುದು. ಆಟ ತಾನೇ ಸೇವ್ ಮಾಡಿಕೊಳ್ಳುತ್ತ ಹೋಗುವುದರಿಂದ ಹಿಂದೆ ಹೋಗಿ ತಿದ್ದುವಂತಿಲ್ಲ. ಇದು ಒಳ್ಳೆಯ ಆಟ, ಆ ಕಟ್ಟುನಿಟ್ಟನ್ನು ಮೆಚ್ಚುತ್ತೇನೆ. ತೊಂದರೆ ಇರುವುದು ಆಯ್ಕೆಯ ಗಳಿಗೆಯಲ್ಲಿ. ಎಡಕ್ಕೋ ಬಲಕ್ಕೋ ಎಂದು ಪರದೆ ಕೇಳುತ್ತದೆ; ಮುಖ್ಯವಾದದ್ದೇನೋ ಆಯಿತೆಂದು ಚಿಟ್ಟೆಯ ಗುರುತು ಹಾರಿ ತಿಳಿಸುತ್ತದೆ. ಇಲ್ಲಿ ಕಥೆ ಕವಲೊಡೆಯಿತು ಎಂದು ಆಟಗಾರನಿಗೆ ಆಗಲೇ ಗೊತ್ತಾಗುತ್ತದೆ. ಎರಡನೇ ಸುತ್ತಿಗೆ ಕೂತವನು ಆ ಎಂಟು ಜನರ ಕೂಡ ಇರುವುದಿಲ್ಲ. ಹೋದ ಸಲ ಬಿಟ್ಟ ಕವಲು ಯಾವುದು, ಈ ಸಲ ಯಾರನ್ನು ಉಳಿಸಬೇಕು, ಯಾರನ್ನು ಸಾಯಲು ಬಿಟ್ಟರೆ ಹೊಸ ದೃಶ್ಯ ಕಾಣುತ್ತದೆ ಎಂದು ಮೇಲೆ ಕೂತು ಲೆಕ್ಕ ಹಾಕುತ್ತಾನೆ. ಸಾವುಗಳನ್ನು ಸಂಗ್ರಹಿಸತೊಡಗಿದ ಮೇಲೆ ಸಾವಿನ ಭಯ ಎಲ್ಲಿಂದ ಬರಬೇಕು?

ಇದಕ್ಕೆ ಹದಿನಾಲ್ಕು ವರ್ಷ ಮೊದಲೇ, 2001ರಲ್ಲಿ, ಬೇರೆಯದೇ ಉತ್ತರ ಬಂದಿತ್ತು. ಕೊನಾಮಿಯ 'ಸೈಲೆಂಟ್ ಹಿಲ್ 2' ಆಟದಲ್ಲಿ ಜೇಮ್ಸ್ ಸಂಡರ್‌ಲ್ಯಾಂಡ್ ಎಂಬವನಿಗೆ ಸತ್ತುಹೋದ ಹೆಂಡತಿ ಮೇರಿಯಿಂದ ಕಾಗದ ಬರುತ್ತದೆ. ಅವಳು ಕರೆದ ಊರಿಗೆ ಹೋಗುತ್ತಾನೆ. ಮಂಜು ಕವಿದ ಆ ಊರಿನಲ್ಲಿ ಮೇರಿಯನ್ನೇ ಹೋಲುವ ಮರಿಯಾ ಎಂಬವಳು ಜೊತೆಯಾಗುತ್ತಾಳೆ. ಕೊನೆಯಲ್ಲಿ ತಿಳಿಯುತ್ತದೆ: ಕಾಯಿಲೆ ಬಿದ್ದಿದ್ದ ಹೆಂಡತಿಯನ್ನು ಕೊಂದವನು ಜೇಮ್ಸೇ. ಮೊದಲ ಸಲ ಆಡಿದಾಗ ಮೂರರಲ್ಲಿ ಒಂದು ಅಂತ್ಯ ಸಿಗುತ್ತದೆ. ಅವನು ಊರು ಬಿಟ್ಟು ಹೋಗುತ್ತಾನೆ, ಇಲ್ಲವೇ ನೀರಿಗೆ ಬೀಳುತ್ತಾನೆ, ಇಲ್ಲವೇ ಮರಿಯಾಳ ಕೂಡ ಹೊರಡುತ್ತಾನೆ. ಇವುಗಳಲ್ಲಿ ಯಾವುದು ಬೇಕೆಂದು ಆಟ ಎಲ್ಲಿಯೂ ಬಾಯಿಬಿಟ್ಟು ಕೇಳುವುದಿಲ್ಲ. ಅದು ನೋಡುತ್ತಿರುತ್ತದೆ. ಗಾಯವಾದಾಗ ಕೂಡಲೇ ಮದ್ದು ಹಾಕಿಕೊಂಡಿರೋ, ರಕ್ತ ಸುರಿಯುತ್ತಿದ್ದರೂ ಬಹಳ ಹೊತ್ತು ಹಾಗೇ ನಡೆದಿರೋ. ಹೆಂಡತಿಯ ಫೋಟೊವನ್ನು, ಕಾಗದವನ್ನು ಮತ್ತೆ ತೆಗೆದು ನೋಡಿದಿರೋ. ಏಂಜೆಲಾ ಎಂಬ ಹುಡುಗಿಯಿಂದ ಬಂದ ಚಾಕುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದಿರೋ. ಮರಿಯಾ ಹಿಂದುಳಿದಾಗ ಕಾದಿರೋ, ಅವಳಿಗೆ ಪೆಟ್ಟು ಬೀಳದಂತೆ ಕಾಪಾಡಿದಿರೋ. ಕೊನೆಯ ಉದ್ದನೆಯ ಹಜಾರದಲ್ಲಿ ಕೇಳಿಬರುವ ಮೇರಿಯ ಮಾತನ್ನು ನಿಂತು ಪೂರ್ತಿ ಕೇಳಿದಿರೋ, ಅರ್ಧಕ್ಕೇ ಬಾಗಿಲು ದಾಟಿದಿರೋ. ಇವೆಲ್ಲ ಸೇರಿ ಅಂತ್ಯವನ್ನು ತೀರ್ಮಾನಿಸುತ್ತವೆ.

ಇಲ್ಲಿ ಆಯ್ಕೆ ಮಾಡಿದ್ದೇನೆಂದು ಆಟಗಾರನಿಗೆ ಗೊತ್ತೇ ಇರುವುದಿಲ್ಲ. ಗಾಯವನ್ನು ಲೆಕ್ಕಿಸದೆ ನಡೆದವನಿಗೆ, ಚಾಕುವನ್ನೇ ನೋಡುತ್ತಿದ್ದವನಿಗೆ, ಜೇಮ್ಸ್ ನೀರಿಗೆ ಬಿದ್ದದ್ದು ಕಂಡಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಾನೇನು ಮಾಡಿದೆನೆಂದು ಇದು ಹೀಗಾಯಿತು ಎಂದು ಹಿಂತಿರುಗಿ ನೋಡುತ್ತಾನೆ. ಮತ್ತೆ ಆಡಬೇಕೆನಿಸುವುದು ಆಗ. ಹೊಸ ದೃಶ್ಯದ ಆಸೆ ಅದರಲ್ಲಿ ಇಲ್ಲದಿಲ್ಲ, ಆದರೆ ಅದಕ್ಕಿಂತ ಹೆಚ್ಚಾಗಿ ತನ್ನ ನಡತೆಯನ್ನೇ ಇನ್ನೊಮ್ಮೆ ನೋಡಬೇಕೆಂಬ ತವಕ ಇರುತ್ತದೆ. ಎರಡನೇ ಸಲ ಆ ಊರಿಗೆ ಕಾಲಿಟ್ಟಾಗ ರಾಕ್ಷಸರು ಎಲ್ಲಿದ್ದಾರೆಂದು ಗೊತ್ತು, ಅವರು ಹೆದರಿಸುವುದಿಲ್ಲ. ಹೆದರಿಸುವವನು ಜೇಮ್ಸ್. ಮೊದಲ ಸಲ ಪಾಪದವನಂತೆ ಕಂಡ ಇವನ ಪ್ರತಿ ಮಾತಿನ ಅಡಿಯಲ್ಲೂ ಈಗ ಕೊಲೆ ಇದೆ, ಮತ್ತು ಅವನ ಕೈಕಾಲು ಆಡಿಸುತ್ತಿರುವುದು ನಾವು. ತಿಳಿವಳಿಕೆ ಇಲ್ಲಿ ಭಯವನ್ನು ಕೊಲ್ಲುವುದಿಲ್ಲ, ಅದರ ಜಾಗವನ್ನು ಹೊರಗಿನಿಂದ ಒಳಕ್ಕೆ ಸರಿಸುತ್ತದೆ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ಈ ಗುಟ್ಟುಗಳೆಲ್ಲ ಈಗ ಎಲ್ಲರಿಗೂ ಗೊತ್ತು. ಯಾವ ಅಂತ್ಯಕ್ಕೆ ಏನು ಮಾಡಬೇಕೆಂದು ಬರೆದಿಟ್ಟ ಗೈಡ್‌ಗಳಿವೆ, ಯೂಟ್ಯೂಬಿನಲ್ಲಿ ಎಲ್ಲ ಅಂತ್ಯಗಳೂ ಸಾಲಾಗಿ ಸಿಗುತ್ತವೆ. ನೀರಿನ ಅಂತ್ಯ ಸಿಗಲೆಂದು ಬೇಕೆಂದೇ ಗಾಯ ಮಾಡಿಕೊಂಡು ಓಡಾಡುವವನೂ ಲೆಕ್ಕವನ್ನೇ ಮಾಡುತ್ತಿದ್ದಾನೆ, ಅವನಿಗೂ ಅಂಟಿಲ್ ಡಾನ್ ಆಡುವವನಿಗೂ ಏನು ವ್ಯತ್ಯಾಸ? ಆಕ್ಷೇಪ ಸರಿ, ಆದರೆ ಪೂರ್ತಿ ಸರಿಯಲ್ಲ. ಗೈಡ್ ನೋಡದೆ ಮೊದಲ ಸಲ ಸಿಕ್ಕ ಅಂತ್ಯ ಆಟಗಾರನ ಹೆಸರಿನಲ್ಲೇ ಉಳಿಯುತ್ತದೆ. ಆಮೇಲೆ ಉಳಿದ ಅಂತ್ಯಗಳನ್ನು ಬೇಕಾದ ಹಾಗೆ ತರಿಸಿಕೊಂಡರೂ ಅವು ನೋಡಿದ ಅಂತ್ಯಗಳು. ಮೊದಲನೆಯದು ಅವನಿಗಾಗಿ ಬಂದದ್ದು. 2024ರಲ್ಲಿ ಬ್ಲೂಬರ್ ಟೀಮ್ ಈ ಆಟವನ್ನು ಹೊಸದಾಗಿ ಕಟ್ಟಿದಾಗ ಇನ್ನೂ ಎರಡು ಅಂತ್ಯ ಸೇರಿಸಿದರು. ಅದರಿಂದ ಆಟ ಹೆಚ್ಚು ಆಳವಾಯಿತೆಂದು ನನಗೆ ಅನ್ನಿಸುವುದಿಲ್ಲ. ಅದರ ಆಳ ಇದ್ದದ್ದು ಅಂತ್ಯಗಳ ಸಂಖ್ಯೆಯಲ್ಲಿ ಅಲ್ಲವೇ ಅಲ್ಲ.

ಅಂತ್ಯ ಒಂದೇ ಇದ್ದರೂ ಜನ ಮತ್ತೆ ಮತ್ತೆ ಬರುತ್ತಾರೆಂಬುದಕ್ಕೆ ನಮ್ಮ ಸುತ್ತಲೇ ಸಾಕ್ಷಿ ಇದೆ. ಕೃಷ್ಣಗಿರಿ, ಧರ್ಮಪುರಿ ಕಡೆಯ ಧರ್ಮರಾಯನ ಗುಡಿಗಳಲ್ಲಿ ಮಹಾಭಾರತದ ಉತ್ಸವ ನಡೆಯುತ್ತದೆ. ಹಗಲು ಕಥೆ ಹೇಳುತ್ತಾರೆ, ರಾತ್ರಿ ತೆರುಕ್ಕೂತ್ತು ಎಂಬ ಬಯಲಾಟ ಆಡುತ್ತಾರೆ. ಕೊನೆಯ ದಿನ ನೆಲದ ಮೇಲೆ ಮಣ್ಣಿನಲ್ಲಿ ಮಾಡಿ ಮಲಗಿಸಿದ ಭಾರಿ ದುರ್ಯೋಧನ ಬೀಳಲೇಬೇಕು, ದ್ರೌಪದಿ ತುರುಬು ಕಟ್ಟಲೇಬೇಕು. ತಮಿಳರು, ತೆಲುಗರು, ಕನ್ನಡಿಗರು ಎಲ್ಲರಿಗೂ ಅದು ಗೊತ್ತು. ಗೊತ್ತಿದ್ದೂ ಬೆಳಗಿನವರೆಗೆ ಕೂತಿರುತ್ತಾರೆ.

ನನ್ನ ವಾದಕ್ಕೆ ಇನ್ನೂ ಹತ್ತಿರದ ಉದಾಹರಣೆ ಕನ್ನಡದ ಇನ್ನೊಂದು ಗಡಿಯಲ್ಲಿದೆ, ಕಾಸರಗೋಡು ಕಡೆಯ ತಾಳಮದ್ದಳೆಯಲ್ಲಿ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳಲ್ಲಿ ವಾಲಿಯ ಕಥೆಯನ್ನು ತೆಗೆದುಕೊಳ್ಳಿ. ಪದ್ಯಗಳು ನಿಗದಿಯಾಗಿವೆ, ಭಾಗವತರು ಅವನ್ನು ಬದಲಿಸುವುದಿಲ್ಲ. ರಾಮ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ವಾಲಿ ಸಾಯುತ್ತಾನೆ. ಇದರಲ್ಲಿ ಆಯ್ಕೆ ಇಲ್ಲ. ಆದರೆ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆ ಎಂಬುದು ಬರೆದಿಟ್ಟದ್ದಲ್ಲ. ಅದನ್ನು ಅರ್ಥಧಾರಿಗಳು ಅಲ್ಲೇ, ಆ ರಾತ್ರಿಯೇ, ಎದುರಿನವನ ಮಾತಿಗೆ ತಕ್ಕಂತೆ ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಊರಿಂದೂರಿಗೆ ಹೋಗುತ್ತಿದ್ದುದು ವಾಲಿ ಈ ಸಲ ಬದುಕಿಯಾನೆಂದಲ್ಲ. ಸಾಯುವವನು ಈ ಸಲ ಯಾವ ಪ್ರಶ್ನೆ ಎತ್ತುತ್ತಾನೆ, ರಾಮನಿಗೆ ಉತ್ತರ ಸಿಗುತ್ತದೋ ಇಲ್ಲವೋ ಎಂದು. ಕೊನೆ ಕಟ್ಟಿಹಾಕಿದ್ದು, ನಡುವೆ ಪೂರ್ತಿ ಸ್ವಾತಂತ್ರ್ಯ: ಮರು ಆಟಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿ ನನಗೆ ಕಾಣುವುದಿಲ್ಲ. ಎಷ್ಟು ಅಂತ್ಯಗಳಿವೆ ಎಂದು ಡಂಗುರ ಹೊಡೆಯುವ ಆಟಗಳು ಈ ತಳಹದಿಯನ್ನೇ ತಿರುವಿ ಹಾಕುತ್ತವೆ. ಕೊನೆಯಲ್ಲಿ ಸ್ವಾತಂತ್ರ್ಯ ಕೊಡುತ್ತವೆ, ನಡುವಿನ ದಾರಿಯನ್ನು ಕಟ್ಟಿಹಾಕುತ್ತವೆ.

ಹೀಗೆ ಕೊನೆ ಒಂದೇ ಇಟ್ಟು ಆಯ್ಕೆ ಕೊಟ್ಟ ಭಯದ ಆಟವೂ ಒಂದಿದೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2015ರಲ್ಲಿ ತಂದ 'ಸೋಮ'. ಸಮುದ್ರದ ತಳದ ಒಂದು ನೆಲೆಯಲ್ಲಿ ಸೈಮನ್ ಎಂಬವನ ಮನಸ್ಸನ್ನು ಹೊಸ ದೇಹಕ್ಕೆ ನಕಲು ಮಾಡುತ್ತಾರೆ. ನಕಲಾದವನು ಕಣ್ಣು ಬಿಟ್ಟಾಗ ಹಳೆಯ ಸೈಮನ್ ಕುರ್ಚಿಯಲ್ಲೇ ಮಲಗಿದ್ದಾನೆ, ಇನ್ನೂ ಜೀವಂತ. ಅವನನ್ನು ನಿದ್ದೆಯಲ್ಲೇ ಕೊನೆಗಾಣಿಸಬಹುದು, ಎಚ್ಚರಾಗಿ ಒಬ್ಬಂಟಿಯಾಗಲೆಂದು ಬಿಟ್ಟುಹೋಗಬಹುದು. ಏನು ಮಾಡಿದರೂ ಮುಂದಿನ ಕಥೆ ಬದಲಾಗುವುದಿಲ್ಲ, ಬಹುಮಾನವಿಲ್ಲ, ಶಿಕ್ಷೆಯಿಲ್ಲ. ಇದು ಹುಸಿ ಆಯ್ಕೆ ಎಂದು ಕೆಲವರು ಹೇಳುತ್ತಾರೆ. ನನಗೆ ಅನ್ನಿಸುವುದು ತದ್ವಿರುದ್ಧ. ಲಾಭನಷ್ಟ ಯಾವುದೂ ಇಲ್ಲದಾಗ ಮಾಡಿದ ತೀರ್ಮಾನ ಮನುಷ್ಯನ ಮೇಲೆ ಉಳಿದಷ್ಟು ಬೇರೆ ಯಾವುದೂ ಉಳಿಯುವುದಿಲ್ಲ. ಮತ್ತೆ ಆಡುವಾಗ ಅದೇ ಕುರ್ಚಿಯ ಮುಂದೆ ಬಂದು ನಿಂತವನಿಗೆ ಹೋದ ಸಲ ತಾನು ಏನು ಮಾಡಿದೆನೆಂಬುದು ಆಟಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಒಮ್ಮೆ ಅಳಿಸಿದರೆ ಮತ್ತೆ ಆಡಲೇ ಆಗದಂತಾದ ಒಂದು ಆಟದ ವಿಷಯವನ್ನೂ ಇಲ್ಲಿ ಹೇಳಬೇಕು. 2014ರ ಆಗಸ್ಟ್‌ನಲ್ಲಿ ಬಂದ 'ಪಿ.ಟಿ.'ಯಲ್ಲಿ ಇದ್ದದ್ದು ಒಂದು ಮನೆಯ ಒಂದೇ ಹಜಾರ. ಕೊನೆಯ ಬಾಗಿಲು ತೆರೆದರೆ ಅದೇ ಹಜಾರದ ಆರಂಭ, ಸ್ವಲ್ಪ ಬದಲಾಗಿ. ಪುನರಾವರ್ತನೆಯೇ ಭಯವಾಗಬಲ್ಲದೆಂದು ಅಷ್ಟು ಸಣ್ಣ ಆಟ ತೋರಿಸಿತು. 2015ರಲ್ಲಿ ಅದನ್ನು ಡಿಜಿಟಲ್ ಅಂಗಡಿಯಿಂದ ತೆಗೆದುಹಾಕಿದರು. ಡಿಜಿಟಲ್ ಆಟವನ್ನು ಮತ್ತೆ ಆಡುವ ಹಕ್ಕು ಆಡುವವನ ಕೈಯಲ್ಲೇ ಇರುವುದಿಲ್ಲ ಎಂಬುದು ನಾವು ಇನ್ನೂ ಸರಿಯಾಗಿ ಯೋಚಿಸದ ಸಂಗತಿ.

ಭಯದ ಆಟಗಳನ್ನು ನಮ್ಮವರೂ ಮಾಡಬಹುದು. ಬೆಂಗಳೂರು ಇಲ್ಲಿಂದ ದೂರವಿಲ್ಲ. ಹೊಸೂರಿನ ಹುಡುಗ ಹುಡುಗಿಯರು ಅಲ್ಲಿ ಓದುತ್ತಾರೆ, ಅಲ್ಲಿನ ಗೇಮ್ ಕಂಪನಿಗಳಲ್ಲಿ ಕೆಲಸ ಮಾಡುತ್ತಾರೆ. ಕರ್ನಾಟಕ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ನೀತಿ ರೂಪಿಸಿತು. ಈ ಸೀಮೆಯಿಂದ ಒಂದು ಭಯದ ಆಟ ಬರುವುದಾದರೆ ಅದಕ್ಕೆ ಸಾಮಗ್ರಿ ಬೇಕಾದಷ್ಟಿದೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದು ಆ ಕಾಲದವರಿಗೆಲ್ಲ ನೆನಪಿದೆ. ರಾತ್ರಿ ದೆವ್ವವೊಂದು ಬಾಗಿಲು ಬಡಿಯುತ್ತದೆ, ಅಮ್ಮನದೋ ತಮ್ಮನದೋ ದನಿ ಕೂಗುತ್ತದೆ. ತೆರೆದರೆ ಸಾವು. ತೆರೆಯದಿದ್ದರೆ, ಹೊರಗೆ ನಿಂತದ್ದು ನಿಜವಾಗಿಯೂ ಅಮ್ಮನೇ ಆಗಿದ್ದರೆ? ದೆವ್ವ ಬರಹ ಓದಿ ಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಓದುತ್ತದೆ. ಮುಗಿಯದ ಮರು ಆಟ ಆ ಕಥೆಯ ಮೈಯಲ್ಲೇ ಇದೆ, ಆಯ್ಕೆಯೂ ಅದರ ಹೊಸ್ತಿಲಲ್ಲೇ ಇದೆ. ಇದನ್ನು ಆಟ ಮಾಡುವವರು ದಯವಿಟ್ಟು 'ಬಾಗಿಲು ತೆರೆ', 'ತೆರೆಯಬೇಡ' ಎಂಬ ಎರಡು ಗುಂಡಿಗಳನ್ನು ಪರದೆಯ ಮೇಲೆ ಇಡಬೇಡಿ. ದನಿ ಕೇಳಿದಾಗ ಆಟಗಾರ ಬಾಗಿಲ ಕಡೆ ಎಷ್ಟು ಬೇಗ ಹೆಜ್ಜೆ ಇಟ್ಟ, ಮಲಗಿದ್ದವರನ್ನು ಎಬ್ಬಿಸಿದನೋ ಇಲ್ಲವೋ, ದೀಪ ಆರಿಸಿದನೋ ಹಚ್ಚಿದನೋ, ಇವನ್ನು ನೋಡಿ. ಕನ್ನಡದಲ್ಲೇ ಮಾಡಿ, ಈ ಗಡಿಯ ಕನ್ನಡದಲ್ಲಿ, ನಡುವೆ ತೆಲುಗು ತಮಿಳು ಬಂದರೆ ಬರಲಿ. ಐದು ತಾಸಿನ ಆಟವಾದರೂ ಸಾಕು, ಅಂತ್ಯ ಒಂದೇ ಇದ್ದರೂ ಸಾಕು.

ಆಡುವವರಲ್ಲಿಯೂ ಒಂದು ಕೇಳಿಕೆ: ಇಂಥ ಆಟವನ್ನು ಮೊದಲ ಸಲ ಆಡುವಾಗ ಗೈಡ್ ನೋಡಬೇಡಿ, ಯೂಟ್ಯೂಬಿನಲ್ಲಿ ಅಂತ್ಯಗಳನ್ನು ಹುಡುಕಬೇಡಿ. ನಿಮಗೆ ಬಂದ ಅಂತ್ಯವನ್ನು ಒಪ್ಪಿಕೊಂಡು ಕೆಲವು ದಿನ ಹಾಗೇ ಇರಿ, ಆಮೇಲೆ ಬೇಕಾದರೆ ಮತ್ತೆ ಶುರು ಮಾಡಿ.